ಶೆಮಾ: ಆರು ಪದಗಳು, ಅವನ್ನು ಹೇಳುವ ಕ್ರಮ

ಯೆಹೂದ್ಯರ ಪ್ರಾರ್ಥನೆಗಳಲ್ಲೆಲ್ಲ ಹೊರಗಿನವರಿಗೂ ಹೆಸರು ಗೊತ್ತಿರುವುದು ಶೆಮಾ. ಅದರ ಮೊದಲ ವಾಕ್ಯವನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅಲ್ಲಿ ಬೇಡಿಕೆ ಇಲ್ಲ, ಸ್ತುತಿಯೂ ಇಲ್ಲ, ದೇವರನ್ನು ಉದ್ದೇಶಿಸಿ ಆಡಿದ ಮಾತೇ ಇಲ್ಲ. "ಇಸ್ರಾಯೇಲೇ, ಕೇಳು" ಎಂದು ಜನರು ಜನರಿಗೆ ಹೇಳಿಕೊಳ್ಳುತ್ತಾರೆ. ಆದ್ದರಿಂದಲೇ ರಬ್ಬಿಗಳ, ಅಂದರೆ ಯೆಹೂದ್ಯ ಧರ್ಮಗುರುಗಳ, ಗ್ರಂಥಗಳು ಇದನ್ನು ಪ್ರಾರ್ಥನೆ ಎನ್ನದೆ "ಕ್ರಿಯತ್ ಶೆಮಾ", ಅಂದರೆ ಶೆಮಾ ಪಠಣ ಎನ್ನುತ್ತವೆ. ಪ್ರಾರ್ಥನೆ ಎಂಬ ಮಾತನ್ನು ಅವು ಮೀಸಲಿಟ್ಟಿರುವುದು ಇದರ ಬೆನ್ನಿಗೇ ಬರುವ, ನಿಂತು ಮೆಲುದನಿಯಲ್ಲಿ ಹೇಳುವ ಅಮಿದಾಕ್ಕೆ.

ವಾಕ್ಯ ಹೀಗಿದೆ: "ಶೆಮಾ ಇಸ್ರಾಯೇಲ್, ಅದೋನಾಯ್ ಎಲೋಹೇನು, ಅದೋನಾಯ್ ಎಖಾದ್." ಹೀಬ್ರೂವಿನಲ್ಲಿ ಆರೇ ಪದ. ಕೇಳು, ಇಸ್ರಾಯೇಲೇ, ಅದೋನಾಯ್ ನಮ್ಮ ದೇವರು, ಅದೋನಾಯ್ ಒಬ್ಬನೇ. ಬೈಬಲ್ಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದ 4ನೇ ವಚನ ಇದು. ಬರಹದಲ್ಲಿರುವ ನಾಲ್ಕಕ್ಷರದ ದೇವನಾಮವನ್ನು ಯೆಹೂದ್ಯರು ಉಚ್ಚರಿಸುವುದಿಲ್ಲ. ಪಠಣದಲ್ಲಿ ಅದರ ಜಾಗಕ್ಕೆ "ಅದೋನಾಯ್" ಬರುತ್ತದೆ, ಮಾತುಕತೆಯಲ್ಲಿ "ಹಾಶೆಮ್" (ಆ ಹೆಸರು) ಎಂದರೆ ಮುಗಿಯಿತು. ಕನ್ನಡ ಬೈಬಲ್ ಓದಿದವರಿಗೆ ಪರಿಚಿತವಾದ "ಯೆಹೋವ" ರೂಪ ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಕೇಳಸಿಗುವುದಿಲ್ಲ.

ಈ ವಾಕ್ಯ ಏನು ಹೇಳುತ್ತಿದೆ ಎಂಬುದಕ್ಕೆ ಒಂದು ತತ್ತ್ವಶಾಸ್ತ್ರದ ಪುಸ್ತಕ ಬಿಡಿಸಿ ಕೂರುವ ಮೊದಲು, ಅದನ್ನು ಹೇಗೆ ಹೇಳಬೇಕು ಎಂಬ ನಿಯಮಗಳನ್ನು ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಷ್ಟು ಹೊತ್ತಿಗೆ, ಯಾವ ಅಕ್ಷರ ಎಳೆದು, ಯಾವುದನ್ನು ಎಳೆಯದೆ, ಯಾವ ಸಾಲು ಪಿಸುಮಾತಿನಲ್ಲಿ ಎಂದು ಸಾವಿರಾರು ವರ್ಷ ತಲೆಕೆಡಿಸಿಕೊಂಡವರು ಸುಮ್ಮನೆ ಶಿಸ್ತಿಗಾಗಿ ಹಾಗೆ ಮಾಡಲಿಲ್ಲ. ಒಂದೊಂದು ನಿಯಮದ ಹಿಂದೆಯೂ ದೇವರು ಒಬ್ಬನೇ ಎಂಬ ಮಾತನ್ನು ತಪ್ಪಾಗಿ ತಿಳಿಯಬಹುದಾದ ಒಂದೊಂದು ದಾರಿ ಇದೆ. ನಿಯಮ ಆ ದಾರಿಗೆ ಅಡ್ಡ ನಿಂತಿದೆ.

ಮೊದಲು ಪಠ್ಯದ ಮೈಕಟ್ಟು. ಪೂರ್ತಿ ಶೆಮಾ ಎಂದರೆ ಮೂರು ಭಾಗ. ಧರ್ಮೋಪದೇಶಕಾಂಡ 6:4ರಿಂದ 9 ಮೊದಲನೆಯದು. ಅದೇ ಗ್ರಂಥದ 11:13ರಿಂದ 21 ಎರಡನೆಯದು. ಅರಣ್ಯಕಾಂಡ 15:37ರಿಂದ 41 ಮೂರನೆಯದು. ಮೊದಲ ಭಾಗ ಮತ್ತು ಎರಡನೆಯ ಭಾಗದ ಅನುಕ್ರಮಕ್ಕೆ ಕಾರಣವನ್ನು ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾ ಎಂಬ ಧರ್ಮನಿಯಮಗಳ ಗ್ರಂಥದಲ್ಲಿ ರಬ್ಬಿ ಯೆಹೋಶುವ ಬೆನ್ ಕೊರ್ಖಾ ಹೇಳಿದ್ದಾರೆ: ಮೊದಲು ದೇವರ ಅರಸುತನದ ನೊಗಕ್ಕೆ ಹೆಗಲು ಕೊಡಬೇಕು, ಆಮೇಲೆ ಆಜ್ಞೆಗಳ ನೊಗಕ್ಕೆ. ಯಾರ ಆಜ್ಞೆ ಎಂಬುದು ಇತ್ಯರ್ಥವಾಗದೆ ಆಜ್ಞೆಯನ್ನು ಹೊರುವುದರಲ್ಲಿ ಅರ್ಥವಿಲ್ಲ. ಮೂರನೆಯ ಭಾಗ ಬಟ್ಟೆಯ ನಾಲ್ಕು ಮೂಲೆಗಳಿಗೆ ಕಟ್ಟುವ ಚಿಚಿತ್ ಕುಚ್ಚುಗಳ ಬಗ್ಗೆ ಹೇಳಿ, ಐಗುಪ್ತದಿಂದ (ಈಜಿಪ್ಟಿನಿಂದ) ಬಿಡುಗಡೆಯಾದದ್ದನ್ನು ನೆನಪಿಸಿ ಮುಗಿಯುತ್ತದೆ.

ಜೆರುಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಯಾಜಕರು ಶೆಮಾಕ್ಕೆ ಮುನ್ನ ದಶಾಜ್ಞೆಗಳನ್ನೂ ಹೇಳುತ್ತಿದ್ದರೆಂದು ಮಿಶ್ನಾದ ತಮೀದ್ ಪ್ರಕರಣ ತಿಳಿಸುತ್ತದೆ. 1902ರಲ್ಲಿ ಈಜಿಪ್ಟಿನಲ್ಲಿ ಕೊಂಡು ತಂದ, ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ನ್ಯಾಶ್ ಪಪೈರಸ್ಸಿನಲ್ಲೂ ಇದೇ ಜೋಡಣೆ ಕಾಣುತ್ತದೆ: ದಶಾಜ್ಞೆಗಳು, ಅದರ ಕೆಳಗೆ ಶೆಮಾದ ಮೊದಲ ಸಾಲುಗಳು. ಅದು ಕ್ರಿ.ಪೂ. ಎರಡನೆಯ ಶತಮಾನದ್ದೆಂದು ಸಾಮಾನ್ಯವಾಗಿ ಕಾಲನಿರ್ಣಯ ಮಾಡುತ್ತಾರೆ. ಮುಂದೆ ದಶಾಜ್ಞೆಗಳನ್ನು ದೈನಂದಿನ ಪಠಣದಿಂದ ಕೈಬಿಟ್ಟರು. ಮೋಶೆಗೆ ಬಂದದ್ದು ಆ ಹತ್ತೇ, ಉಳಿದದ್ದೆಲ್ಲ ಆಮೇಲೆ ಸೇರಿದ್ದು ಎಂದು ವಾದಿಸುವ ಪಂಥದವರಿಗೆ ಅದು ಆಧಾರವಾಗಬಾರದು ಎಂಬುದು ಮಿಶ್ನಾದ ಮೇಲಿನ ಚರ್ಚೆಗಳ ಬೃಹತ್ ಗ್ರಂಥವಾದ ತಾಲ್ಮೂದ್ ಕೊಡುವ ಕಾರಣ. ಶೆಮಾ ಮಾತ್ರ ಉಳಿಯಿತು.

ಇನ್ನು ವೇಳೆ. "ನೀನು ಮಲಗುವಾಗಲೂ ಏಳುವಾಗಲೂ" ಎಂದು ಪಠ್ಯದಲ್ಲೇ ಇರುವುದರಿಂದ ದಿನಕ್ಕೆ ಎರಡು ಸಲ ಹೇಳುವುದು ಕಡ್ಡಾಯ. ಮಲಗುವುದು ಎಂದರೆ ಯಾವಾಗ? ಮಿಶ್ನಾ ಶುರುವಾಗುವುದೇ ಈ ಪ್ರಶ್ನೆಯಿಂದ: ಸಂಜೆಯ ಶೆಮಾವನ್ನು ಯಾವಾಗಿನಿಂದ ಹೇಳಬಹುದು? ನಕ್ಷತ್ರ ಮೂಡಿದಾಗಿನಿಂದ ಎಂಬುದು ಆಚರಣೆಯಲ್ಲಿ ನಿಂತ ಉತ್ತರ. ನಡುರಾತ್ರಿಯೊಳಗೆ ಹೇಳಿ ಮುಗಿಸಬೇಕು. ತಪ್ಪಿಹೋದರೆ ಬೆಳಗಿನ ಜಾವದವರೆಗೂ ಹೇಳಬಹುದು. ಬೆಳಗಿನದಕ್ಕೆ ಮಿಶ್ನಾ ಕೊಡುವ ಗುರುತು ಬೇರೆ: ನೀಲಿ ಬಣ್ಣಕ್ಕೂ ಬಿಳಿಗೂ ವ್ಯತ್ಯಾಸ ಕಾಣುವಷ್ಟು ಬೆಳಕಾಗಬೇಕು. ಹಗಲಿನ ಮೂರನೆಯ ಗಂಟೆ ಮುಗಿಯುವ ತನಕ ಅದರ ಅವಧಿ. ರಾಜಕುಮಾರರು ಏಳುವುದು ಆ ಹೊತ್ತಿಗೆ ಎಂಬುದು ರಬ್ಬಿ ಯೆಹೋಶುವ (ಇವರು ಬೆನ್ ಕೊರ್ಖಾ ಅಲ್ಲ) ಕೊಟ್ಟ ಕಾರಣ.

ಈ ಗಂಟೆಯ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ. ಇದು ಗಡಿಯಾರದ ಅರವತ್ತು ನಿಮಿಷವಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು 12 ಸಮಪಾಲು ಮಾಡಿದರೆ ಸಿಗುವ ಒಂದು ಪಾಲು. ಬೇಸಿಗೆಯಲ್ಲಿ 5:30ಕ್ಕೆ ಹುಟ್ಟಿದ ಸೂರ್ಯ ಸಂಜೆ 7:30ಕ್ಕೆ ಮುಳುಗಿದರೆ ಹಗಲು 14 ಗಂಟೆ, ಒಂದು ಪಾಲು 70 ನಿಮಿಷ; ಮೂರು ಪಾಲು ಮುಗಿಯುವುದು 9:00ಕ್ಕೆ. ಚಳಿಗಾಲದಲ್ಲಿ 6:40ರಿಂದ 4:40ರವರೆಗೆ ಹಗಲಿದ್ದರೆ ಒಂದು ಪಾಲು 50 ನಿಮಿಷ, ಗಡುವು 9:10. ಇದಲ್ಲದೆ, ಹಗಲನ್ನು ಅರುಣೋದಯದಿಂದ ಎಣಿಸಬೇಕು ಎನ್ನುವವರೂ ಇದ್ದಾರೆ. ಸೂರ್ಯೋದಯಕ್ಕೆ 72 ನಿಮಿಷ ಮೊದಲಿನಿಂದ ಸೂರ್ಯಾಸ್ತದ 72 ನಿಮಿಷ ಆಮೇಲಿನವರೆಗೆ ಎಂದು ಹಿಡಿದರೆ ಗಡುವು ಸರಿಯಾಗಿ 36 ನಿಮಿಷ ಮುಂಚೆ ಬರುತ್ತದೆ. ಪಂಚಾಂಗಗಳಲ್ಲಿ ಎರಡೂ ವೇಳೆಯನ್ನು ಅಚ್ಚು ಹಾಕಿರುತ್ತಾರೆ. ಎರಡರಲ್ಲಿ ಮುಂಚೆ ಬರುವ ವೇಳೆಯೊಳಗೆ ಮುಗಿಸಿಕೊಂಡರೆ ಯಾವ ತಕರಾರೂ ಇರುವುದಿಲ್ಲ. ಗಡುವು ಮೀರಿದರೆ ಓದಬಾರದು ಎಂದೇನಿಲ್ಲ. ತೋರಾ, ಅಂದರೆ ಮೋಶೆಯ ಐದು ಗ್ರಂಥಗಳನ್ನು, ಓದಿದ ಪುಣ್ಯ ಇದ್ದೇ ಇದೆ, ಶೆಮಾದ ಕಟ್ಟಳೆ ಮಾತ್ರ ಈಡೇರುವುದಿಲ್ಲ.

ಬೆಳಕು, ಕತ್ತಲೆ ಎಂಬ ಜೋಡಿಯನ್ನೇ ದೇವರ ಏಕತ್ವಕ್ಕೆ ತಂದು ಕಟ್ಟಿರುವುದು ಶೆಮಾಕ್ಕೆ ಮುನ್ನ ಬರುವ ಆಶೀರ್ವಚನ. ಬೆಳಗ್ಗೆ ಶೆಮಾದ ಮೊದಲು ಎರಡು, ಆಮೇಲೆ ಒಂದು. ಸಂಜೆ ಮೊದಲು ಎರಡು, ಆಮೇಲೆ ಎರಡು. ದಿನಕ್ಕೆ ಒಟ್ಟು ಏಳು. ಬೆಳಗಿನ ಮೊದಲನೆಯದು "ಬೆಳಕನ್ನು ರೂಪಿಸಿದವನು, ಕತ್ತಲೆಯನ್ನು ಸೃಷ್ಟಿಸಿದವನು" ಎಂದು ದೇವರನ್ನು ಕರೆಯುತ್ತದೆ. ಸಾಲು ಯೆಶಾಯನ ಗ್ರಂಥದ 45:7ರದ್ದು. ಅಲ್ಲಿ ಪ್ರವಾದಿ "ಸಮಾಧಾನವನ್ನು ಮಾಡುವವನು, ಕೇಡನ್ನು ಸೃಷ್ಟಿಸುವವನು" ಎಂದಿದ್ದಾನೆ. ಪ್ರಾರ್ಥನೆಯಲ್ಲಿ ಕೇಡಿನ ಜಾಗಕ್ಕೆ "ಎಲ್ಲವನ್ನೂ" ಎಂದು ಮಾಡಿದ್ದಾರೆ. ಒಳಿತಿಗೊಬ್ಬ ದೇವರು, ಕೆಡುಕಿಗೆ ಅವನಿಗೆ ಸರಿಸಮನಾದ ಇನ್ನೊಬ್ಬ ಎಂಬ ಆಲೋಚನೆ ಪ್ರಾಚೀನ ಜಗತ್ತಿನಲ್ಲಿ ಸಾಕಷ್ಟು ಬಲವಾಗಿತ್ತು, ಮನುಷ್ಯನ ಅನುಭವಕ್ಕೆ ಅದು ಸಲೀಸಾಗಿ ಒಪ್ಪಿಗೆಯೂ ಆಗುತ್ತದೆ. ಶೆಮಾ ಹೇಳಲು ಹೊರಟವನು ಮೊದಲು ಅದನ್ನು ದಾಟಬೇಕು: ಬೆಳಗಾದದ್ದೂ ಅವನಿಂದ, ರಾತ್ರಿಯಾದದ್ದೂ ಅವನಿಂದ. ಏಕದೇವತ್ವದ ಅತಿ ಕಷ್ಟದ ಭಾಗ ಇದೇ. ನೋವಿಗೂ ಬೇರೆ ಯಜಮಾನನಿಲ್ಲ ಎಂದು ಒಪ್ಪಿಕೊಂಡೇ ಮುಂದಿನ ಆರು ಪದಗಳಿಗೆ ಬಾಯಿ ತೆರೆಯಬೇಕು.

ಈಗ ಆ ಆರು ಪದ. ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಹೇಳುವುದು ರೂಢಿ. ಮಿಶ್ನಾವನ್ನು ಸಂಕಲಿಸಿದ ರಬ್ಬಿ ಯೆಹೂದಾ ಹನಾಸಿ ಪಾಠದ ನಡುವೆ ಶೆಮಾದ ಹೊತ್ತಾದಾಗ ಕೈಯನ್ನು ಕಣ್ಣ ಮೇಲೆ ತಂದುಕೊಂಡು ವಚನ ಹೇಳುತ್ತಿದ್ದರು ಎಂದು ತಾಲ್ಮೂದಿನ ಬೆರಖೋತ್ ಪ್ರಕರಣದಲ್ಲಿದೆ. ರೂಢಿಗೆ ಅದೇ ಮೂಲ. ಗಮನ ಚದುರದಿರಲಿ ಎಂಬುದು ಉದ್ದೇಶ. ಕುಚ್ಚು ಕಟ್ಟಿದ ತಲ್ಲಿತ್ ಎಂಬ ಪ್ರಾರ್ಥನಾ ಶಾಲು ಹೊದ್ದವರು ಅದಕ್ಕೂ ಮುಂಚೆ ನಾಲ್ಕು ಮೂಲೆಯ ಕುಚ್ಚುಗಳನ್ನು ಒಟ್ಟುಗೂಡಿಸಿ ಎಡಗೈಯಲ್ಲಿ ಹಿಡಿದಿರುತ್ತಾರೆ. ಮೂರನೆಯ ಭಾಗದಲ್ಲಿ "ಚಿಚಿತ್" ಎಂಬ ಪದ ಬಂದಾಗಲೆಲ್ಲ ಅದಕ್ಕೆ ಮುತ್ತಿಡುತ್ತಾರೆ. ಹಿಂದೆ ನಿಂತು ನೋಡುವವರಿಗೆ ಇದೆಲ್ಲ ಬಾಹ್ಯಾಚಾರವಾಗಿ ಕಾಣಬಹುದು. ಕಟ್ಟಳೆ ಇರುವುದು ಬೇರೆ ಕಡೆ: ಮೊದಲ ವಚನವನ್ನು ಅರ್ಥದ ಕಡೆ ಮನಸ್ಸಿಟ್ಟು ಹೇಳದಿದ್ದರೆ ಹೇಳಿದಂತೆ ಆಗಲಿಲ್ಲ, ಮತ್ತೆ ಹೇಳಬೇಕು. ಈ ಮನಸ್ಸಿಡುವಿಕೆಗೆ "ಕವಾನಾ" ಎನ್ನುತ್ತಾರೆ. ಮುಂದಿನ ಭಾಗಗಳಲ್ಲಿ ಗಮನ ಸ್ವಲ್ಪ ತಪ್ಪಿದರೂ ಪಠಣ ಸಂದಿತು ಎಂದು ಒಪ್ಪುವ ಧರ್ಮಶಾಸ್ತ್ರ ಈ ಒಂದು ವಚನದ ಮಟ್ಟಿಗೆ ರಿಯಾಯಿತಿ ಕೊಡುವುದಿಲ್ಲ.

ಹಾಗೆಂದು ಮನಸ್ಸು ತಪ್ಪಿತೆಂದು ತಕ್ಷಣ ಗಟ್ಟಿಯಾಗಿ "ಶೆಮಾ" ಎಂದು ಮತ್ತೆ ತೆಗೆಯುವಂತಿಲ್ಲ. "ಶೆಮಾ, ಶೆಮಾ" ಎಂದು ಎರಡು ಸಲ ಹೇಳುವವನ ಬಾಯಿ ಮುಚ್ಚಿಸಬೇಕು ಎಂದು ತಾಲ್ಮೂದ್ ಹೇಳುತ್ತದೆ: ಕೇಳಿದವರಿಗೆ ಅವನು ಇಬ್ಬರು ಒಡೆಯರನ್ನು ಕರೆದಂತೆ ಅನ್ನಿಸಬಹುದು. ಆದ್ದರಿಂದ ತುಸು ತಡೆದು, ಪಕ್ಕದವರ ಕಿವಿಗೆ ಬೀಳದಷ್ಟು ಮೆಲ್ಲಗೆ ಹೇಳಬೇಕು. ಭಕ್ತಿಯ ಉತ್ಸಾಹದಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವುದು ಇಲ್ಲಿ ಗುಣವಲ್ಲ.

ಏನೆಂದು ಮನಸ್ಸಿಡಬೇಕು? ಯೋಸೆಫ್ ಕಾರೋ 16ನೇ ಶತಮಾನದಲ್ಲಿ ಬರೆದ ಶುಲ್ಹಾನ್ ಆರೂಖ್ ಎಂಬ ಧರ್ಮಸಂಹಿತೆ ಇದಕ್ಕೆ ಅಕ್ಷರಮಟ್ಟದ ಉತ್ತರ ಕೊಡುತ್ತದೆ. ದೇವನಾಮ ಬಂದಾಗ ಎರಡು ಸಂಗತಿ: ಓದುವ ರೂಪದಲ್ಲಿ ಎಲ್ಲಕ್ಕೂ ಒಡೆಯ, ಬರೆದ ರೂಪದಲ್ಲಿ ಇದ್ದವನು, ಇರುವವನು, ಮುಂದೆಯೂ ಇರುವವನು. "ಎಲೋಹೇನು" ಎನ್ನುವಾಗ ಎಲ್ಲ ಶಕ್ತಿಗಳ ಮೇಲಿನ ಶಕ್ತ. ಕೊನೆಯ ಪದ "ಎಖಾದ್"ಗೆ ಮೂರು ಅಕ್ಷರ: ಆಲೆಫ್, ಹೇತ್, ದಾಲೆತ್. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆಯೂ ಇದೆ. ಆಲೆಫ್ ಒಂದು; ಅವನು. ಹೇತ್ ಎಂಟು, ಏಳು ಆಕಾಶ ಮತ್ತು ಭೂಮಿ. ದಾಲೆತ್ ನಾಲ್ಕು, ನಾಲ್ಕು ದಿಕ್ಕು. ಹೇತ್ ಅನ್ನು ತುಸು ಎಳೆದು ಮೇಲೂ ಕೆಳಗೂ ಅವನೇ ಅರಸನೆಂದು ನೆನೆಯಬೇಕು, ದಾಲೆತ್‌ನಲ್ಲಿ ಅದರ ಎರಡು ಪಟ್ಟು ಹೊತ್ತು ನಿಂತು ನಾಲ್ಕು ದಿಕ್ಕುಗಳನ್ನು ನೆನೆಯಬೇಕು. ಆಲೆಫ್ ಅನ್ನು ಎಳೆಯಬಾರದು.

ತಪ್ಪುಗಳು ಇಲ್ಲೇ ಹೆಚ್ಚು. ಸಭೆಯಲ್ಲಿ ರಾಗವಾಗಿ ಹೇಳುವಾಗ ಆಲೆಫ್‌ನ ಸ್ವರವನ್ನು "ಎಎಎಖಾದ್" ಎಂದು ಎಳೆಯುವವರಿದ್ದಾರೆ. ಉದ್ದ ಮಾಡಬೇಕಾದದ್ದು ಕೊನೆಯಲ್ಲಿ. ಕೊನೆಯನ್ನು ಎಳೆಯುತ್ತೇವೆಂದು "ಎಖಾದೆ" ಎಂದು ಒಂದು ಸ್ವರ ಸೇರಿಸಿಬಿಡುವುದು ಇನ್ನೊಂದು ತಪ್ಪು. ದಾಲೆತ್ ನಿಲುಗಡೆಯ ವ್ಯಂಜನ, ಅದನ್ನು ಎಳೆಯಲು ಬರುವುದಿಲ್ಲ; ಹಾಗಾಗಿ ಈಗಿನ ಉಚ್ಚಾರಣೆಯವರಿಗೆ ಕೆಲಸಕ್ಕೆ ಬರುವ ಸಲಹೆಯೆಂದರೆ ದಾಲೆತ್ ಅನ್ನು ಸ್ಪಷ್ಟವಾಗಿ ಒತ್ತಿ ಹೇಳಿ, ಮೌನದಲ್ಲಿ ಆ ನೆನಹನ್ನು ಮುಗಿಸಿಕೊಂಡು ಮುಂದಿನ ಸಾಲಿಗೆ ಹೋಗುವುದು. ಯೆಮೆನ್ ಮೂಲದ ಯೆಹೂದ್ಯರ ಉಚ್ಚಾರಣೆಯಲ್ಲಿ ಈ ದಾಲೆತ್ ಹಲ್ಲುಗಳ ನಡುವೆ ಉಸಿರು ಹರಿಯುವ ಮೃದು ಧ್ವನಿ. ಅವರಿಗೆ ಎಳೆಯುವುದು ಸಹಜವಾಗಿಯೇ ಬರುತ್ತದೆ, ನಿಯಮ ಮೂಲದಲ್ಲಿ ಯಾವ ಧ್ವನಿಯನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು ಎಂಬುದೂ ಅಲ್ಲಿ ಕೇಳಿಸುತ್ತದೆ. ಎಳೆಯುವುದಕ್ಕೂ ಮಿತಿಯಿದೆ. ವಿಪರೀತ ಎಳೆಯುತ್ತಿದ್ದ ರಬ್ಬಿ ಯಿರ್ಮಿಯಾಗೆ ಗುರು ಹಿಯ್ಯಾ ಬರ್ ಅಬ್ಬಾ ಹೇಳಿದ್ದು: ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೆ ಅವನನ್ನು ಅರಸನನ್ನಾಗಿ ಮಾಡಿದ ಮೇಲೆ ಸಾಕು.

ದಾಲೆತ್ ಬಗ್ಗೆ ಇಷ್ಟು ಕಾಳಜಿಗೆ ಬರವಣಿಗೆಯಲ್ಲೂ ಕಾರಣವಿದೆ. ತೋರಾ ಸುರುಳಿಯಲ್ಲಿ ಈ ವಚನದ ಎರಡು ಅಕ್ಷರಗಳನ್ನು ಉಳಿದವಕ್ಕಿಂತ ದೊಡ್ಡದಾಗಿ ಬರೆಯುತ್ತಾರೆ: "ಶೆಮಾ"ದ ಕೊನೆಯ ಆಯಿನ್ ಮತ್ತು "ಎಖಾದ್"ನ ಕೊನೆಯ ದಾಲೆತ್. ದಾಲೆತ್‌ಗೂ ರೇಶ್‌ಗೂ ರೂಪದಲ್ಲಿರುವ ವ್ಯತ್ಯಾಸ ಮೇಲಿನ ಬಲಮೂಲೆಯ ಒಂದು ಚೂಪು. ಆ ಮೂಲೆ ಉರುಟಾದರೆ "ಎಖಾದ್" ಹೋಗಿ "ಅಖೇರ್" ಆಗುತ್ತದೆ, ಒಬ್ಬನೇ ಎಂಬುದು ಬೇರೊಬ್ಬ ಎಂದಾಗುತ್ತದೆ. ಇದರ ಪ್ರತಿಬಿಂಬ ವಿಮೋಚನಕಾಂಡ 34:14ರಲ್ಲಿದೆ: "ಬೇರೊಬ್ಬ ದೇವರಿಗೆ ಅಡ್ಡಬೀಳಬಾರದು" ಎಂಬಲ್ಲಿ "ಅಖೇರ್"ನ ರೇಶ್ ಅನ್ನು ದೊಡ್ಡದಾಗಿ ಬರೆಯುತ್ತಾರೆ, ಯಾರೂ ಅದನ್ನು ದಾಲೆತ್ ಎಂದು ಓದಿ ಅರ್ಥವನ್ನು ತಿರುವುಮುರುವು ಮಾಡದಿರಲಿ ಎಂದು. ಶೆಮಾದ ದೊಡ್ಡ ಅಕ್ಷರಗಳೆರಡನ್ನೂ ಕೂಡಿಸಿದರೆ "ಎದ್", ಸಾಕ್ಷಿ ಎಂದಾಗುತ್ತದೆ. ಈ ವಚನ ಹೇಳುವವನು ಸಾಕ್ಷಿ ನುಡಿಯುತ್ತಿದ್ದಾನೆ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಉಳಿದ ಭಾಗಗಳಲ್ಲೂ ಅಕ್ಷರಗಳಿಗೆ ಎಡೆ ಕೊಡಬೇಕು. ಒಂದು ಪದದ ಕೊನೆಯ ವ್ಯಂಜನವೇ ಮುಂದಿನ ಪದದ ಮೊದಲಲ್ಲೂ ಬಂದರೆ ಎರಡೂ ಸೇರಿ ಒಂದಾಗಿಬಿಡುತ್ತವೆ. "ಬೆಖೋಲ್ ಲೆವಾವ್ಖಾ" ಎಂಬಲ್ಲಿ ಎರಡು ಲಾಮೆದ್, "ಎಸೆವ್ ಬೆಸಾದ್ಖಾ" ಎಂಬಲ್ಲಿ ಎರಡು ಬೇತ್, "ಎತ್ಖೆಮ್ ಮೆಎರೆತ್ಸ್" ಎಂಬಲ್ಲಿ ಎರಡು ಮೇಮ್. ತಾಲ್ಮೂದ್ ಈ ಜಾಗಗಳನ್ನು ಪಟ್ಟಿ ಮಾಡಿಯೇ ಕೊಟ್ಟಿದೆ. "ತಿಜ್ಕೆರು", ನೆನಪಿಟ್ಟುಕೊಳ್ಳುವಿರಿ ಎಂಬ ಪದದ ಜಾಯಿನ್ ಅನ್ನು ಕಂಪಿಸುವಂತೆ ಹೇಳದಿದ್ದರೆ ಅದು "ತಿಸ್ಕೆರು" ಎಂದು ಕೇಳಿ, ಸಂಬಳಕ್ಕಾಗಿ ಆಜ್ಞೆ ಪಾಲಿಸುವಿರಿ ಎಂಬ ಅರ್ಥಕ್ಕೆ ಜಾರುತ್ತದೆ. ಹೇಳುವುದು ತನ್ನ ಕಿವಿಗೆ ತಾನು ಕೇಳುವಷ್ಟಾದರೂ ಗಟ್ಟಿಯಾಗಿರಬೇಕು. ಮೊದಲ ಪದವೇ "ಕೇಳು". ಮೊದಲ ಭಾಗ ಮುಗಿಯುವವರೆಗೆ ಕಣ್ಸನ್ನೆ, ಕೈಸನ್ನೆ, ತುಟಿಸನ್ನೆ ಯಾವುದೂ ಸಲ್ಲ.

ಮೊದಲ ವಚನವಾದ ಕೂಡಲೇ ಪಿಸುಮಾತಿನಲ್ಲಿ ಒಂದು ಸಾಲು ಬರುತ್ತದೆ: "ಬಾರೂಖ್ ಶೇಮ್ ಕೆವೋದ್ ಮಲ್ಖೂತೋ ಲೆಓಲಾಮ್ ವಾಎದ್." ಅವನ ಅರಸುತನದ ಮಹಿಮೆಯ ಹೆಸರು ಎಂದೆಂದಿಗೂ ಸ್ತುತಿಹೊಂದಲಿ. ಇದು ಬೈಬಲ್ಲಿನ ಸಾಲಲ್ಲ. ಇದಕ್ಕೆ ತಾಲ್ಮೂದಿನ ಪೆಸಾಹೀಮ್ ಪ್ರಕರಣ ಹೇಳುವ ಹಿನ್ನೆಲೆ ಹೃದಯಸ್ಪರ್ಶಿ. ಸಾವಿನ ಹಾಸಿಗೆಯಲ್ಲಿದ್ದ ಯಾಕೋಬ ಮಕ್ಕಳಿಗೆ ಕಾಲಾಂತ್ಯವನ್ನು ತಿಳಿಸಲು ಹೊರಟಾಗ ದೈವಸಾನ್ನಿಧ್ಯ ಅವನನ್ನು ಬಿಟ್ಟಿತು. ಅಜ್ಜ ಅಬ್ರಹಾಮನಿಗೆ ಇಷ್ಮಾಯೇಲ, ತಂದೆ ಇಸಾಕನಿಗೆ ಏಸಾವ ಹುಟ್ಟಿದಂತೆ ತನ್ನ ಮಕ್ಕಳಲ್ಲೂ ಯಾರಾದರೂ ದಾರಿ ತಪ್ಪಿದ್ದಾರೋ ಎಂದು ಅವನು ಅಂಜಿದ. ಯಾಕೋಬನ ಇನ್ನೊಂದು ಹೆಸರು ಇಸ್ರಾಯೇಲ್. ಮಕ್ಕಳು ತಂದೆಯನ್ನು ಹೆಸರಿನಿಂದಲೇ ಕರೆದರು: "ಕೇಳು, ಇಸ್ರಾಯೇಲ್, ನಿನ್ನ ಹೃದಯದಲ್ಲಿ ಒಬ್ಬನೇ ಇರುವಂತೆ ನಮ್ಮ ಹೃದಯದಲ್ಲೂ ಒಬ್ಬನೇ." ತಂದೆ "ಬಾರೂಖ್ ಶೇಮ್" ಎಂದ. ಮುಂದೆ ರಬ್ಬಿಗಳಿಗೆ ಇಕ್ಕಟ್ಟಾಯಿತು. ಹೇಳೋಣವೆಂದರೆ ಮೋಶೆ ಬರೆದಿಲ್ಲ. ಬಿಡೋಣವೆಂದರೆ ಯಾಕೋಬ ಹೇಳಿದ್ದಾನೆ. ಮೆಲ್ಲಗೆ ಹೇಳುವುದೆಂದು ಇತ್ಯರ್ಥವಾಯಿತು. ಪಿಸುಗುಟ್ಟಿ ಏನೋ ಬೇರೆ ಹೇಳಿಕೊಳ್ಳುತ್ತಾರೆ ಎಂದು ಪರಪಂಥದವರು ಆಕ್ಷೇಪಿಸಿದ ಊರುಗಳಲ್ಲಿ ಗಟ್ಟಿಯಾಗಿ ಹೇಳಿದ್ದೂ ಉಂಟು, ಬಾಬಿಲೋನಿಯಾದ ನೆಹರ್ದೆಯದಲ್ಲಿ ಅಂಥವರು ಇಲ್ಲದ್ದರಿಂದ ಅಲ್ಲಿ ಪಿಸುಮಾತೇ ಮುಂದುವರಿಯಿತು. ಇಂದು ವರ್ಷಕ್ಕೊಂದು ದಿನ, ಪಾಪಪರಿಹಾರದ ದಿನವಾದ ಯೋಮ್ ಕಿಪ್ಪೂರ್‌ನಂದು, ಇದನ್ನು ಎಲ್ಲರೂ ಎತ್ತರದ ದನಿಯಲ್ಲಿ ಹೇಳುತ್ತಾರೆ.

ಹಾಗಾದರೆ "ಒಬ್ಬನೇ" ಎಂದರೆ ನಿಖರವಾಗಿ ಏನು? ಮೂಲ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಅದರಿಂದ ವಾಕ್ಯವನ್ನು ಬಿಡಿಸುವ ದಾರಿ ಒಂದಕ್ಕಿಂತ ಹೆಚ್ಚು. ಬೇರೆ ಯಾರೂ ಅಲ್ಲ, ಅದೋನಾಯ್ ಮಾತ್ರ ನಮ್ಮ ದೇವರು ಎಂಬುದು ಒಂದು. ಇದರಲ್ಲಿ ನಿಷ್ಠೆಗೆ ಒತ್ತು. ಅದೋನಾಯ್ ಎಂಬವನು ಒಬ್ಬನೇ, ಅವನಿಗೆ ಭಾಗಗಳಿಲ್ಲ ಎಂಬುದು ಇನ್ನೊಂದು. ಫ್ರಾನ್ಸಿನ ತ್ರ್ವಾ ಪಟ್ಟಣದ ವ್ಯಾಖ್ಯಾನಕಾರ ರಾಶಿ (1040–1105) ಇದನ್ನು ಕಾಲದ ಮೇಲೆ ಹಾಸಿ ನೋಡಿದರು: ಇಂದು ನಮಗೆ ಮಾತ್ರ ದೇವರಾಗಿರುವ ಅದೋನಾಯ್, ಮುಂದೊಂದು ದಿನ ಎಲ್ಲ ಜನಾಂಗಗಳಿಗೂ ಒಬ್ಬನೇ ದೇವರಾಗುವನು. ಜೆಕರ್ಯನ "ಆ ದಿನ ಅದೋನಾಯ್ ಒಬ್ಬನೇ, ಅವನ ಹೆಸರೂ ಒಂದೇ" (14:9) ಎಂಬ ವಚನವನ್ನು ಅದಕ್ಕೆ ಆಧಾರವಾಗಿಟ್ಟರು. ರಾಶಿಯ ಓದು ನನಗೆ ಬಹಳ ಹಿಡಿಸುತ್ತದೆ. ಏಕತ್ವವನ್ನು ಅದು ಮುಗಿದ ಸಂಗತಿ ಎನ್ನದೆ, ಆಗಬೇಕಾದದ್ದು ಇನ್ನೂ ಇದೆ ಎನ್ನುತ್ತದೆ.

ರಾಂಬಾಮ್, ಅಂದರೆ ತತ್ತ್ವಜ್ಞಾನಿ ಮೈಮೊನಿಡೀಸ್ (1138–1204), ಎರಡನೆಯ ಓದನ್ನು ಅದರ ಕೊನೆಯವರೆಗೂ ಕೊಂಡೊಯ್ದರು. ಜಗತ್ತಿನಲ್ಲಿ ನಾವು ಕಾಣುವ ಯಾವ "ಒಂದು" ಕೂಡ ದೇವರ ಏಕತ್ವಕ್ಕೆ ಸಾಟಿಯಲ್ಲ ಎನ್ನುತ್ತಾರೆ. ಒಂದು ಜಾತಿ ಎಂದರೆ ಅದರೊಳಗೆ ಎಷ್ಟೋ ವ್ಯಕ್ತಿಗಳು. ಒಂದು ದೇಹ ಎಂದರೆ ಕತ್ತರಿಸಬಹುದಾದ ಅಂಗಗಳು. ದೇವರು ಈ ಎರಡೂ ಬಗೆಯಲ್ಲಿ ಒಂದಲ್ಲ. ದೇವರಿಗೆ ಜ್ಞಾನ, ಶಕ್ತಿ, ಕರುಣೆ ಎಂಬ ಗುಣಗಳು ಬೇರೆ ಬೇರೆಯಾಗಿ ಅಂಟಿಕೊಂಡಿವೆ ಎಂದುಕೊಂಡರೂ ಏಕತ್ವಕ್ಕೆ ಧಕ್ಕೆ ಬಂತು ಎಂಬಷ್ಟು ದೂರ ಅವರು ಹೋಗುತ್ತಾರೆ.

ಇದನ್ನು ಓದಿದವರಿಗೆ ಅದ್ವೈತ ನೆನಪಾಗುವುದು ಸಹಜ. ಅವಸರದಲ್ಲಿ ಎರಡನ್ನೂ ಒಂದೇ ಎನ್ನಬಾರದು. ರಾಂಬಾಮರ ದೇವರು ಒಬ್ಬನೇ, ಜಗತ್ತು ಅವನ ಸೃಷ್ಟಿ, ಸೃಷ್ಟಿ ಅವನಲ್ಲ. ಅದ್ವೈತಕ್ಕೆ ಹತ್ತಿರ ಬರುವ ಮಾತು ಬೇಕಿದ್ದರೆ ಹಸಿದೀಯ ಎಂಬ ಯೆಹೂದ್ಯ ಭಕ್ತಿಪಂಥದ ಪರಂಪರೆಯಲ್ಲಿ ಹುಡುಕಬೇಕು. ಲ್ಯಾದಿಯ ಶ್ನಿಯೂರ್ ಜಲ್ಮಾನ್ (1745–1812) ಶೆಮಾದ ಮೊದಲ ವಚನವನ್ನು "ಮೇಲಿನ ಏಕತ್ವ", ಪಿಸುಮಾತಿನ ಸಾಲನ್ನು "ಕೆಳಗಿನ ಏಕತ್ವ" ಎಂದು ಬಿಡಿಸಿದರು. ಮೇಲಿನದರಲ್ಲಿ ದೇವರ ಹೊರತು ಬೇರೆ ಇರವೇ ಇಲ್ಲ. ಕೆಳಗಿನದರಲ್ಲಿ ಜಗತ್ತು ಇದೆ, ಅವನು ಅದರ ಅರಸ. ಅರಸನಿಗೆ ಪ್ರಜೆಗಳು ಬೇಕು, ಹಾಗಾಗಿ "ಅರಸುತನ" ಎಂಬ ಮಾತು ಬರುವುದು ಎರಡನೆಯ ಸಾಲಿನಲ್ಲಿ. ಅಲ್ಲಿಯೂ ಆಜ್ಞೆ, ಕರ್ತವ್ಯ, ಪಾಪ ಯಾವುದೂ ಕರಗಿಹೋಗುವುದಿಲ್ಲ.

ಏಕತ್ವದ ಬೆನ್ನಿಗೇ ಬರುವ ಮಾತು ಪ್ರೀತಿ: "ನಿನ್ನ ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಬಲದಿಂದ ನಿನ್ನ ದೇವರಾದ ಅದೋನಾಯ್‌ಯನ್ನು ಪ್ರೀತಿಸು." ಯೇಸುವೂ ಪ್ರಧಾನ ಆಜ್ಞೆ ಯಾವುದು ಎಂದು ಕೇಳಿದವನಿಗೆ ಇದೇ ಎರಡು ವಚನ ಹೇಳಿದ್ದು ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ಮಿಶ್ನಾ ಒಂದೊಂದನ್ನೂ ನೆಲಕ್ಕಿಳಿಸುತ್ತದೆ. ಪೂರ್ಣ ಹೃದಯ ಎಂದರೆ ಒಳ್ಳೆಯ ಒಲವು, ಕೆಟ್ಟ ಒಲವು ಎರಡರಿಂದಲೂ. ಬಲ ಎಂದರೆ ಹಣ, ಆಸ್ತಿ. ಪ್ರಾಣ ಎಂದರೆ ಅವನು ನಿನ್ನ ಪ್ರಾಣವನ್ನೇ ತೆಗೆದುಕೊಂಡರೂ. ದೇವರಿಬ್ಬರಿಲ್ಲ ಎಂದವನು ತನ್ನೊಳಗನ್ನು ಎರಡು ಮಾಡಿಕೊಂಡು ಒಂದು ಪಾಲು ಮಾತ್ರ ಕೊಡುವಂತಿಲ್ಲ ಎಂಬುದು ಇದರ ತಿರುಳು.

ರೋಮನ್ನರು ಸುಮಾರು ಕ್ರಿ.ಶ. 135ರಲ್ಲಿ ರಬ್ಬಿ ಅಕಿವಾರನ್ನು ಕೊಲ್ಲಲು ತಂದಾಗ ಶೆಮಾದ ಹೊತ್ತಾಗಿತ್ತು ಎಂದು ತಾಲ್ಮೂದ್ ಹೇಳುತ್ತದೆ. ಕಬ್ಬಿಣದ ಹಣಿಗೆಗಳಿಂದ ಮೈ ಕೀಳುತ್ತಿದ್ದರೂ ಅವರು ಪಠಣ ನಿಲ್ಲಿಸಲಿಲ್ಲ. "ಇಲ್ಲಿಯವರೆಗೂ ಸಹಿಸಬೇಕೇ, ಗುರುಗಳೇ?" ಎಂದ ಶಿಷ್ಯರಿಗೆ, ಪೂರ್ಣ ಪ್ರಾಣದಿಂದ ಎಂಬ ಮಾತನ್ನು ಯಾವಾಗ ನೆರವೇರಿಸುವೆನೋ ಎಂದು ಬದುಕೆಲ್ಲ ಕಾತರಿಸಿದ್ದೆ, ಈಗ ಕೈಗೆ ಬಂದಿರುವಾಗ ಬಿಡಲೇ ಎಂದರು. "ಎಖಾದ್" ಪದವನ್ನು ಎಳೆಯುತ್ತಿರುವಾಗಲೇ ಪ್ರಾಣ ಹೋಯಿತು. ಆಮೇಲಿನ ಶತಮಾನಗಳಲ್ಲಿ ಯೆಹೂದ್ಯರು ಸಾವಿನ ಹೊತ್ತಿಗೆ ಈ ವಚನವನ್ನೇ ಹೇಳುತ್ತ ಬಂದಿದ್ದಾರೆ. ಮಾತು ಕಲಿಯುವ ಮಗುವಿಗೆ ತಂದೆ ಹೇಳಿಕೊಡಬೇಕಾದ ಮೊದಲ ಪಾಠಗಳಲ್ಲೂ ಇದಿದೆ. ರಾತ್ರಿ ಹಾಸಿಗೆಯಲ್ಲಿ ಕೊನೆಗೆ ಹೇಳುವುದೂ ಇದೇ.

"ನಿನ್ನ ಮನೆಯ ಬಾಗಿಲ ನಿಲುವುಗಳ ಮೇಲೆ ಬರೆ" ಎಂಬ ಆಜ್ಞೆಯೇ ಬಾಗಿಲ ನಿಲುವಿಗೆ ಕೂರಿಸುವ ಮೆಜುಜಾ ಆಯಿತು. ಅಂಗಡಿಯಲ್ಲಿ ಕಣ್ಸೆಳೆಯುವುದು ಹೊರಗಿನ ಪೆಟ್ಟಿಗೆ, ಕಟ್ಟಳೆ ಇರುವುದು ಒಳಗಿನ ಚರ್ಮದ ಹಾಳೆಗೆ. ಶುದ್ಧವೆಂದು ಪರಿಗಣಿಸುವ ಪ್ರಾಣಿಯ ತೊಗಲನ್ನು ಇದಕ್ಕೆಂದೇ ಹದ ಮಾಡಿ, ಗೆರೆ ಕೊರೆದು, ಲೇಖಣಿ ಮತ್ತು ಕಪ್ಪು ಶಾಯಿಯಿಂದ ಲಿಪಿಕಾರ ಶೆಮಾದ ಮೊದಲ ಎರಡು ಭಾಗಗಳನ್ನು 22 ಸಾಲಿನಲ್ಲಿ ಬರೆಯುತ್ತಾನೆ. ಒಟ್ಟು 713 ಅಕ್ಷರ. ಒಂದು ತಪ್ಪಿದರೂ ಇಡೀ ಹಾಳೆ ನಿರುಪಯೋಗಿ. ಮುದ್ರಿಸಿದ ಕಾಗದ ಎಷ್ಟು ಚೆಂದವಿದ್ದರೂ ಮೆಜುಜಾ ಆಗುವುದಿಲ್ಲ. ಅಕ್ಷರಗಳನ್ನು ಬರುವ ಕ್ರಮದಲ್ಲೇ ಬರೆಯಬೇಕು. ಬರೆದು ಮುಗಿದ ಮೇಲೆ ಎರಡನೆಯ ಸಾಲಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ತಿಳಿದರೆ ಸೇರಿಸಲು ಬರುವುದಿಲ್ಲ. ತೋರಾ ಸುರುಳಿಯಲ್ಲಿ ಈ ತಿದ್ದುಪಡಿ ಸಾಧ್ಯ, ಮೆಜುಜಾದಲ್ಲಿ ಮತ್ತು ತೆಫಿಲ್ಲಿನ್‌ನಲ್ಲಿ (ಪ್ರಾರ್ಥನೆಗೆ ತೋಳಿಗೂ ತಲೆಗೂ ಕಟ್ಟಿಕೊಳ್ಳುವ, ಒಳಗೆ ವಚನಗಳಿರುವ ಚರ್ಮದ ಪೆಟ್ಟಿಗೆಗಳು) ಇಲ್ಲ. "ಎಖಾದ್"ನ ದಾಲೆತ್‌ನ ಮೂಲೆ ಚೂಪೋ ಉರುಟೋ ಎಂದು ಅನುಮಾನ ಬಂದರೆ ಅಕ್ಷರ ಬಲ್ಲ ಪುಟ್ಟ ಮಗುವಿಗೆ ತೋರಿಸಿ ಏನೆಂದು ಓದುತ್ತದೆ ಎಂದು ಕೇಳುವ ಪದ್ಧತಿ ಇದೆ. ದೊಡ್ಡವರಿಗೆ ವಚನ ಬಾಯಿಪಾಠ, ಅವರ ಕಣ್ಣು ಇಲ್ಲದ ಮೂಲೆಯನ್ನೂ ಕಾಣುತ್ತದೆ.

ಹಾಳೆಯನ್ನು ಎಡದಿಂದ ಬಲಕ್ಕೆ ಸುತ್ತಿ, ಒಳಗೆ ಬರುವವರ ಬಲಗಡೆಯ ನಿಲುವಿನಲ್ಲಿ, ಮೇಲಿನ ಮೂರನೇ ಒಂದು ಭಾಗದ ತಳದಲ್ಲಿ ಕೂರಿಸಬೇಕು. ನೆಟ್ಟಗಿರಬೇಕು ಎಂದದ್ದು ರಾಶಿ, ಅಡ್ಡವಿರಬೇಕು ಎಂದದ್ದು ಅವರ ಮೊಮ್ಮಗ ರಬ್ಬೇನು ತಾಮ್. ಅಷ್ಕೆನಾಜಿಗಳು (ಮಧ್ಯ, ಪೂರ್ವ ಯೂರೋಪ್ ಮೂಲದ ಯೆಹೂದ್ಯರು) ಇಬ್ಬರಿಗೂ ಸಲ್ಲುವಂತೆ ಓರೆಯಾಗಿ ಇಡುತ್ತಾರೆ, ಸೆಫಾರ್ದಿಗಳು (ಸ್ಪೇನ್ ಮೂಲದವರು) ನೆಟ್ಟಗೆ. ಬಿಸಿಲು, ತೇವಕ್ಕೆ ಶಾಯಿ ಬಿರುಕುಬಿಡುತ್ತದೆ, ಅಕ್ಷರಗಳು ಒಂದಕ್ಕೊಂದು ತಾಗುತ್ತವೆ. ಅದಕ್ಕೇ ಮನೆಯ ಮೆಜುಜಾವನ್ನು ಏಳು ವರ್ಷಕ್ಕೆ ಎರಡು ಸಲ ಬಿಚ್ಚಿಸಿ ನೋಡಿಸಬೇಕು.

ಎರಡನೆಯ ಭಾಗದ ಬಗ್ಗೆ ಭಿನ್ನಾಭಿಪ್ರಾಯ ಇದೆ. ಮೊದಲ ಭಾಗ "ನೀನು" ಎಂದು ಒಬ್ಬನಿಗೆ ಹೇಳಿದರೆ ಇದು ಬಹುತೇಕ "ನೀವು" ಎಂದು ಇಡೀ ಸಮುದಾಯಕ್ಕೆ ಹೇಳುತ್ತದೆ: ಆಜ್ಞೆ ಪಾಲಿಸಿದರೆ ಹೊತ್ತಿಗೆ ಸರಿಯಾಗಿ ಮಳೆ, ಬೇರೆ ದೇವರುಗಳ ಹಿಂದೆ ಹೋದರೆ ಮುಚ್ಚಿದ ಆಕಾಶ. ಈ ಫಲಶಿಕ್ಷೆಯ ಲೆಕ್ಕ ಒಪ್ಪಲಾಗದೆ ಸುಧಾರಣಾವಾದಿ ರಿಫಾರ್ಮ್ ಪಂಥದ ಪ್ರಾರ್ಥನಾ ಪುಸ್ತಕಗಳು ಬಹುಮಟ್ಟಿಗೆ ಇದನ್ನು ಕೈಬಿಟ್ಟವು. ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಪಂಥದವರು ಪೂರ್ತಿ ಹೇಳುತ್ತಾರೆ. ಕೈಬಿಟ್ಟದ್ದಕ್ಕೆ ಪ್ರಾಮಾಣಿಕ ಕಾರಣವಿದೆ ಎಂದು ಒಪ್ಪುತ್ತಲೇ, ಮಳೆಯೂ ಬರಗಾಲವೂ ಒಬ್ಬನ ಕೈಯಿಂದಲೇ ಬರುತ್ತವೆ ಎಂಬ ಬೆಳಗಿನ ಆಶೀರ್ವಚನದ ಮಾತು ಅದರೊಂದಿಗೆ ತೆಳುವಾಗುತ್ತದೆ ಎಂದೂ ಹೇಳಬೇಕು.

ನಿಂತು ಹೇಳಬೇಕೋ ಕೂತು ಹೇಳಬೇಕೋ ಎಂಬುದು ಎರಡು ಸಾವಿರ ವರ್ಷದ ಹಳೆಯ ಜಗಳ. ಶಮ್ಮಾಯ್ ಎಂಬ ಗುರುವಿನ ಪರಂಪರೆಯವರು ಸಂಜೆ ಒರಗಿ, ಬೆಳಗ್ಗೆ ನಿಂತು ಎಂದರು. ಹಿಲ್ಲೇಲ್ ಎಂಬ ಗುರುವಿನ ಪರಂಪರೆಯವರು, ಯಾರು ಹೇಗಿದ್ದಾರೋ ಹಾಗೆಯೇ ಎಂದರು. ಮಲಗುವುದು, ಏಳುವುದು ಎಂಬುದು ಹೊತ್ತನ್ನು ಸೂಚಿಸುತ್ತದೆ, ಭಂಗಿಯನ್ನಲ್ಲ. ಕಟ್ಟಳೆ ನಿಂತದ್ದು ಹಿಲ್ಲೇಲರ ಕಡೆ. ಆದ್ದರಿಂದ ಸಾಂಪ್ರದಾಯಿಕ ಸಿನಗಾಗಿನಲ್ಲಿ ಶೆಮಾ ಬಂದಾಗ ಕೂತವರು ಕೂತೇ ಇರುತ್ತಾರೆ, ಗೌರವಕ್ಕೆಂದು ಎದ್ದು ನಿಲ್ಲುವ ಅಗತ್ಯವಿಲ್ಲ. ರಿಫಾರ್ಮ್ ಸಭೆಗಳಲ್ಲಿ ಮೊದಲ ವಚನಕ್ಕೆ ಎಲ್ಲರೂ ಏಳುವುದು ಸಾಮಾನ್ಯ.

ಮುಗಿಸುವಾಗಲೂ ಎಚ್ಚರ ಬೇಕು. ಮೂರನೆಯ ಭಾಗದ ಕೊನೆಯ ಪದವನ್ನು ಮುಂದಿನ ಆಶೀರ್ವಚನದ ಮೊದಲ ಪದ "ಎಮೆತ್", ಸತ್ಯ ಎಂಬುದಕ್ಕೆ ತಡೆಯಿಲ್ಲದೆ ಜೋಡಿಸಬೇಕು. ನಡುವೆ ಯಾರ ನಮಸ್ಕಾರಕ್ಕೂ ಮರುನಮಸ್ಕಾರವಿಲ್ಲ. ಪಿಸುಮಾತಿನ ಸಾಲೂ ಸೇರಿ ಒಟ್ಟು 245 ಪದ. ದೇಹದ ಅಂಗಗಳು 248 ಎಂಬ ರಬ್ಬಿಗಳ ಎಣಿಕೆಗೆ ಮೂರು ಕಡಿಮೆ. ಸಭೆಯಲ್ಲಿ ಮುಂದಾಳು ಕೊನೆಯ ಎರಡು ಪದಗಳನ್ನೂ "ಎಮೆತ್" ಅನ್ನೂ ಮತ್ತೊಮ್ಮೆ ಹೇಳಿ ಅದನ್ನು ತುಂಬಿಸುತ್ತಾನೆ. ಒಬ್ಬರೇ ಹೇಳುವ ಅಷ್ಕೆನಾಜಿಗಳು ಶುರುವಿನಲ್ಲಿ "ಎಲ್ ಮೆಲೆಖ್ ನೆಎಮಾನ್" ಎಂಬ ಮೂರು ಪದ ಸೇರಿಸಿಕೊಳ್ಳುತ್ತಾರೆ. ಹೀಬ್ರೂ ಬಾರದವರು ಏನು ಮಾಡಬೇಕು ಎಂಬುದಕ್ಕೂ ಮಿಶ್ನಾದ ಸೋತಾ ಪ್ರಕರಣದಲ್ಲಿ ನೇರ ಉತ್ತರವಿದೆ: ಶೆಮಾವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು, ಹೇಳುವವನಿಗೆ ಆ ಭಾಷೆ ತಿಳಿದಿರಬೇಕು.